ಎರಡು ಸಲ ತಟ್ಟಿದರೆ

ಲೆಹ್ಟೊ ಲಾಡ್ಜ್, ಉತ್ತರ ಒಂಟಾರಿಯೊ
3 ಫೆಬ್ರವರಿ 2025

ಪ್ರೀತಿಯ ಮ್ಯೂರಿಯಲ್,

ನಿಮಗೆ ಫೋನಿನಲ್ಲಿ ಕೇಳಿಸುವುದಿಲ್ಲ, ಇಲ್ಲಿ ಫೋನೇ ಹಿಡಿಯುವುದಿಲ್ಲ. ಹಾಗಾಗಿ ಕಾಗದವೇ ಗತಿ. ಸೋಮವಾರ ಮತ್ತು ಗುರುವಾರ ಪಟ್ಟಣದಿಂದ ದಿನಸಿ ತರುವ ಲಾರಿಯಲ್ಲೇ ಟಪಾಲೂ ಬರುತ್ತದೆ. ಮಿಕ್ಕ ದಿನ ನಾವು, ಹೆಪ್ಪುಗಟ್ಟಿದ ಸರೋವರ, ಮೈನಸ್ ಮೂವತ್ತೊಂದರ ಚಳಿ, ಅಷ್ಟೇ. ಲಾಡ್ಜಿನ ಮಾಲೀಕ ಟೊಯ್ವೋ ಎಂಬ ಫಿನ್ನಿಷ್ ಮುದುಕ. ಅವನ ಕಚೇರಿಯಲ್ಲಿ ಒಂದು ಸ್ಯಾಟಲೈಟ್ ಫೋನ್ ಇದೆ. ಸಂಜೆ ಐದಕ್ಕೆ ಅದಕ್ಕೂ ಬೀಗ.

ಸಿನಿಮಾ ಚಿಕ್ಕದು. ಒಂದು ಚಳಿಗಾಲ ಪೂರ್ತಿ ಕಾಡಿನ ಮನೆಯಲ್ಲಿ ಸಿಕ್ಕಿಹಾಕಿಕೊಂಡ ಗಂಡ ಹೆಂಡತಿಯ ಕಥೆ. ನಿರ್ದೇಶಕಿ ವಿವೆಕಾ ಸ್ಟ್ರಾಂಡ್ ಮೊದಲ ದಿನವೇ ಎಲ್ಲರೆದುರು ನನ್ನ ಕೈ ಹಿಡಿದು, "ಇವರು ಹಲೀನಾ, ನಮ್ಮ ಇಂಟಿಮಸಿ ಕೋಆರ್ಡಿನೇಟರ್. ಇವರು ಬೇಡ ಅಂದಿದ್ದು ನನಗೂ ಬೇಡ" ಅಂದಳು. ಈ ಕೆಲಸಕ್ಕೆ ಬಂದ ಆರು ವರ್ಷದಲ್ಲಿ ಯಾವ ನಿರ್ದೇಶಕರ ಬಾಯಲ್ಲೂ ಕೇಳದ ಮಾತು. ಕಣ್ಣು ತುಂಬಿ ಬಂತು.

ನೀವು ಹೇಳುತ್ತಿದ್ದಿರಲ್ಲ, "ನಮ್ಮ ಕಾಲದಲ್ಲಿ ಕತ್ತಿ ಕಾಳಗಕ್ಕೆ ಒಬ್ಬ ಮೇಷ್ಟ್ರು ಇರ್ತಿದ್ದ, ಮುತ್ತಿಗೆ ಮಾತ್ರ ದೇವರೇ ಗತಿ" ಅಂತ. ಈಗ ಆ ಮೇಷ್ಟ್ರು ನಾನು. ಹಾಸಿಗೆಯ ದೃಶ್ಯದಲ್ಲಿ ಯಾರ ಕೈ ಎಲ್ಲಿರಬೇಕು, ಎಷ್ಟು ಎಣಿಕೆ ಇರಬೇಕು, ಯಾವ ಜಾಗ ಮುಟ್ಟಲೇಬಾರದು ಎಂದು ಮೊದಲೇ ಕೂತು ಮಾತಾಡಿ, ಬರೆದು, ಸಹಿ ಹಾಕಿಸುತ್ತೇನೆ. ಆಮೇಲೆ ಕುಣಿತ ಕಲಿಸಿದ ಹಾಗೆ ಹೆಜ್ಜೆ ಹೆಜ್ಜೆಯಾಗಿ ಕಲಿಸುತ್ತೇನೆ. ಯಾರಿಗೆ ಯಾವಾಗ ಸಾಕೆನಿಸಿದರೂ ಎದುರಿನವರ ಮೈಮೇಲೆ ಎರಡು ಸಲ ತಟ್ಟಿದರೆ ಆಯಿತು, ಅಲ್ಲಿಗೇ ನಿಲ್ಲಿಸಬೇಕು. ಕಾರಣ ಕೇಳುವ ಹಾಗಿಲ್ಲ.

ಹೆಂಡತಿಯ ಪಾತ್ರ ಮಿರೇಲ್ ಎಂಬ ಸಡ್ಬರಿಯ ಹುಡುಗಿಯದು. ಇಪ್ಪತ್ತಮೂರು ವರ್ಷ, ಮೊದಲ ದೊಡ್ಡ ಪಾತ್ರ. "ನನಗೆ ಸೀನ್ ಹೆದ್ರಿಕೆ ಇಲ್ಲ. ನಮ್ಮಮ್ಮ ಅಜ್ಜಿನ ಬೇರೆ ಕರ್ಕೊಂಡು ಸಿನಿಮಾಗೆ ಹೋಗ್ತಾಳಲ್ಲ, ಅದು ಹೆದ್ರಿಕೆ" ಎಂದು ನಗುತ್ತಾಳೆ. ಗಂಡನ ಪಾತ್ರ ಆನ್ಸನ್ ರೈಮರ್ ಎಂಬಾತನದು. ಮೂವತ್ತೊಂದು ವರ್ಷ, ನಮ್ಮ ಮ್ಯಾನಿಟೋಬಾದ ಮೆನೊನೈಟ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದ ಮನೆಯವನು. ಒಪ್ಪಿಗೆ ಪತ್ರ ಕೊಟ್ಟರೆ ಓದದೆ ಸಹಿ ಹಾಕಿದ. "ಒಂದ್ಸಲ ಓದಿ" ಅಂದೆ. "ನನಗೇನೂ ತೊಂದ್ರೆ ಇಲ್ಲ, ಎಲ್ಲಾ ಸರಿ" ಅಂದ. ನನ್ನ ಮುಖ ನೋಡಲಿಲ್ಲ.

ಮ್ಯೂರಿಯಲ್, ಅವನು ಬಾಗಿಲಲ್ಲಿ ನಿಲ್ಲುವ ರೀತಿ ಥೇಟ್ ವಾರೆನ್‌ನದು. ಹೆಗಲು ಮುಂದೆ ಬಾಗಿಸಿ, ನೆಲ ನೋಡುತ್ತಾ. ಕಂಡ ಕೂಡಲೇ ನನ್ನ ಅಂಗೈ ಬೆವೆತುಹೋಯಿತು. ಇಪ್ಪತ್ತೆರಡು ವರ್ಷದ ಮೇಲೂ.

ನಿಮ್ಮ
ಹಲೀನಾ

ಇನ್ವರ್ನೆಸ್, ಕೇಪ್ ಬ್ರೆಟನ್
8 ಫೆಬ್ರವರಿ 2025

ಹಲೀನಾ ಮರಿ,

ನಿನ್ನ ಕಾಗದ ಕಂಡು ಖುಷಿಯಾಯಿತು. ಹೊಸ ಕಿವಿಯಂತ್ರ ಹಾಕಿದ್ದಾರೆ. ಅದರಲ್ಲಿ ನನಗೆ ಕೇಳಿಸುವುದೆಂದರೆ ನಾನೇ ಓಟ್‌ಕೇಕ್ ಜಗಿಯುವ ಸದ್ದು. ಪಕ್ಕದ ಮನೆಯ ಫ್ಲೋರಾ ಮಾತಾಡಿದರೆ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗಿರುತ್ತದೆ. ಅದೇನೂ ದೊಡ್ಡ ನಷ್ಟವಲ್ಲ ಬಿಡು. ಇಲ್ಲಿ ಸಮುದ್ರದ ಮೇಲೆ ಮಂಜುಗಡ್ಡೆ ಬಂದು ಕೂತಿದೆ. ರಾತ್ರಿಯೆಲ್ಲ ಅದು ಕಿರುಗುಟ್ಟುತ್ತದಂತೆ, ಫ್ಲೋರಾ ಬರೆದು ತೋರಿಸಿದಳು.

ನೀನು ದಣಿದಿದ್ದೀಯ. ಹೋದ ವರ್ಷ ಒಂದರ ಮೇಲೊಂದು ನಾಲ್ಕು ಕೆಲಸ ಒಪ್ಪಿಕೊಂಡೆ, ಆಗಲೇ ಹೇಳಿದ್ದೆ. ಮನುಷ್ಯ ದಣಿದಾಗ ಹಳೆಯ ದೆವ್ವಗಳು ಬಾಗಿಲಲ್ಲಿ ಬಂದು ನಿಲ್ಲುತ್ತವೆ. ಆ ಆನ್ಸನ್ ಪಾಪ ನಾಚಿಕೆಯ ಹುಡುಗ ಇರಬೇಕು. ಸರಿಯಾಗಿ ಊಟ ಮಾಡು, ನಿದ್ದೆ ಮಾಡು.

ವಾರೆನ್ ವಿಷಯ ಬಿಡು. ಆಗಿಹೋದದ್ದು. ಅವನ ಬಗ್ಗೆ ನೀನು ಬರೆದಾಗಲೆಲ್ಲ ನನಗೆ ಏನು ಉತ್ತರಿಸಬೇಕೆಂದು ತಿಳಿಯುವುದಿಲ್ಲ. ಕಂಡ ಕಂಡ ಗಂಡಸರ ಹೆಗಲಲ್ಲಿ ಅವನನ್ನು ಹುಡುಕಬೇಡ.

ಬೂದು ಉಲ್ಲನ್ನಿನ ಕಾಲುಚೀಲ ಹೆಣೆಯುತ್ತಿದ್ದೇನೆ. ಒಂದು ಮುಗಿದಿದೆ. ಇನ್ನೊಂದು ಮುಗಿಯುವಷ್ಟರಲ್ಲಿ ನಿಮ್ಮಲ್ಲಿ ಬೇಸಿಗೆ ಬಂದಿರುತ್ತದೆ.

ಪ್ರೀತಿಯಿಂದ
ಮ್ಯೂರಿಯಲ್

ಲೆಹ್ಟೊ ಲಾಡ್ಜ್
13 ಫೆಬ್ರವರಿ 2025

ಪ್ರೀತಿಯ ಮ್ಯೂರಿಯಲ್,

ದಣಿವಲ್ಲ. ನಾನು ಕಣ್ಣಾರೆ ನೋಡಿದ್ದನ್ನು ಬರೆಯುತ್ತೇನೆ, ನೀವೇ ಹೇಳಿ.

ಮಂಗಳವಾರ ರಿಹರ್ಸಲ್. ಆನ್ಸನ್ ಮಿರೇಲ್‌ಳ ಭುಜದ ಮೇಲೆ ಕೈ ಇಡಬೇಕು, ನಾಲ್ಕು ಎಣಿಸಬೇಕು, ಕೈ ಕೆಳಗಿಳಿಸಬೇಕು. ಇಷ್ಟೇ. ಅವನ ಕೈ ನಡುಗುತ್ತಿತ್ತು. ಮೂರಕ್ಕೇ ಬೆಂಕಿ ಮುಟ್ಟಿದವನ ಹಾಗೆ ಕಿತ್ತುಕೊಂಡ. "ಏನಾಯ್ತು?" ಅಂದೆ. "ಏನಿಲ್ಲ, ಎಲ್ಲಾ ಸರಿ" ಅಂದ. ಎಲ್ಲಾ ಸರಿ ಎನ್ನುವ ಗಂಡಸನ್ನು ನಾನು ನಂಬುವುದಿಲ್ಲ.

ನಿನ್ನೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನಾನು ಕೈಗವಸು ಮರೆತು ವಾಪಸು ಬಂದೆ. ಮಿರೇಲ್‌ಳ ಕ್ಯಾಬಿನ್ ಮುಂದೆ ಹಿಮದಲ್ಲಿ ಆನ್ಸನ್ ನಿಂತಿದ್ದ. ಬಾಗಿಲು ತಟ್ಟಲು ಕೈ ಎತ್ತುತ್ತಾನೆ, ಇಳಿಸುತ್ತಾನೆ. ಮತ್ತೆ ಎತ್ತುತ್ತಾನೆ. ನನ್ನನ್ನು ಕಂಡದ್ದೇ ಮರಗಳ ಸಂದಿಯಲ್ಲಿ ಹೊರಟೇಹೋದ. ಒಳಗೆ ಮಿರೇಲ್ ಒಬ್ಬಳೇ ಇದ್ದಳು, ನಿದ್ದೆ ಮಾಡುತ್ತಿದ್ದಳು. ಆಗಿನಿಂದ ನಾನು ಅವನ ಬೆನ್ನು ಬಿಟ್ಟಿಲ್ಲ. ಊಟದ ಮನೆಯಲ್ಲಿ ಅವನ ಎದುರಿಗೇ ಕೂರುತ್ತೇನೆ. ನಾನು ನೋಡುತ್ತಿದ್ದೇನೆ ಎಂದು ಅವನಿಗೆ ಗೊತ್ತಾಗಬೇಕು.

ವಿವೆಕಾ ಇಲ್ಲದಿದ್ದರೆ ಏನು ಗತಿಯೋ. ನಿನ್ನೆ ಕಾಫಿ ತಂದುಕೊಟ್ಟು, "ಯಾಕಮ್ಮ ಇಷ್ಟೊಂದು ಹೆದರ್ತೀರ?" ಎಂದು ಕೇಳಿದಳು. ನಿಮ್ಮ ಹೊರತು ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿಬಿಟ್ಟೆ. ಹ್ಯಾಲಿಫ್ಯಾಕ್ಸ್, 2002, ನಮ್ಮ ನಾಟಕದ ಮೊದಲ ಪ್ರದರ್ಶನ. ರಿಹರ್ಸಲ್ಲಿನಲ್ಲಿ ಮಣಿಕಟ್ಟು ಮಾತ್ರ ಹಿಡಿಯುತ್ತಿದ್ದ ಸಹನಟ ವಾರೆನ್ ಅವತ್ತು ನನ್ನ ಬಾಯಿ ಮುಚ್ಚಿ ಗೋಡೆಗೆ ಒತ್ತಿದ್ದು, ರವಿಕೆ ಸೊಂಟದವರೆಗೆ ಹರಿದದ್ದು, ನಾನು ಒದ್ದಾಡಿದರೂ ಬಿಡದೇ ಇದ್ದದ್ದು, ಐನೂರು ಜನ ಅದನ್ನು ನಟನೆ ಎಂದುಕೊಂಡು ಚಪ್ಪಾಳೆ ಹೊಡೆದದ್ದು. ವಿವೆಕಾ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಎಷ್ಟು ಹೊತ್ತು ಹಿಡಿದಿದ್ದ, ನನ್ನ ಕಣ್ಣು ಆಗ ಎಲ್ಲಿತ್ತು, ಕೂಗಲು ನೋಡಿದೆನೋ ಇಲ್ಲವೋ, ಉಸಿರು ಹೇಗಿತ್ತು, ಒಂದೊಂದನ್ನೂ ಕೇಳಿದಳು. ನನ್ನ ಮಾತನ್ನು ಅಷ್ಟು ಗಮನ ಕೊಟ್ಟು ಯಾರೂ ಕೇಳಿರಲಿಲ್ಲ. ನೀವೂ ಕೇಳಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಅವತ್ತು ನೀವು ರಂಗದ ಪಕ್ಕದ ಮೇಜಿನಲ್ಲಿ ಪರದೆ, ದೀಪ ನೋಡಿಕೊಳ್ಳುತ್ತಾ ಕೂತಿದ್ದಿರಿ, ನಿಮಗೆ ಕಂಡಿರಲಿಕ್ಕಿಲ್ಲ, ನನಗೆ ಗೊತ್ತು.

ಬೇಗ ಬರೆಯಿರಿ.

ಹಲೀನಾ

ಲೆಹ್ಟೊ ಲಾಡ್ಜ್
27 ಫೆಬ್ರವರಿ 2025

ಮ್ಯೂರಿಯಲ್,

ಎರಡು ವಾರವಾಯಿತು, ಕಾಗದವಿಲ್ಲ. ಲಾರಿ ಬಂದಾಗಲೆಲ್ಲ ಹೋಗಿ ನಿಲ್ಲುತ್ತೇನೆ. ಹುಷಾರಾಗಿದ್ದೀರಿ ತಾನೇ? ನಾನು ಬರೆದದ್ದು ನೋವಾಯಿತೇ?

ಮಾರ್ಚ್ ಆರಕ್ಕೆ ದೊಡ್ಡ ದೃಶ್ಯ. ದಡದಲ್ಲಿ ಬಿಸಿ ಉಗಿಯಲ್ಲಿ ಮೈ ಬೆವರಿಸಲು ಟೊಯ್ವೋನ ಅಪ್ಪ ಮರದಲ್ಲಿ ಕಟ್ಟಿದ ಉಗಿಮನೆ ಇದೆ, ಅದರೊಳಗೆ. ಗಂಡ ಹೆಂಡತಿ ಜಗಳವಾಡಿ, ಆಮೇಲೆ ಒಂದಾಗುವ ದೃಶ್ಯ. ಒಳಗೆ ನಾಲ್ಕು ಜನ ನಿಂತರೆ ಐದನೆಯವರಿಗೆ ಜಾಗವಿಲ್ಲ. ಕ್ಯಾಮೆರಾದವಳು, ವಿವೆಕಾ, ನಟರಿಬ್ಬರು. ನಾನು ಹೊರಗೆ ಡೇರೆಯಲ್ಲಿ ಮಾನಿಟರ್ ಮುಂದೆ ಕೂರಬೇಕು. ನನಗೆ ಮನಸ್ಸಿಲ್ಲ. ಆದರೆ ವಿವೆಕಾ, "ಒಳಗೆ ನಾನಿರ್ತೀನಲ್ಲ, ನಾನೂ ಹೆಂಗಸಲ್ವಾ?" ಅಂದಳು. ಒಪ್ಪಿಕೊಂಡೆ.

ಆನ್ಸನ್ ಈಗ ಊಟಕ್ಕೂ ಬರುವುದಿಲ್ಲ. ನಿನ್ನೆ ದಾರಿಯಲ್ಲಿ ಎದುರಾದ. "ಹಲೀನಾ, ಒಂದು ಮಾತು…" ಎಂದು ಶುರುಮಾಡಿದ. ಸುತ್ತ ಯಾರೂ ಇರಲಿಲ್ಲ. ನನಗೆ ಏನಾಯಿತೋ, "ಹೇಳೋದಿದ್ರೆ ಎಲ್ಲರ ಮುಂದೆ ಹೇಳಿ" ಎಂದು ಬಿರಬಿರನೆ ನಡೆದುಬಿಟ್ಟೆ. ಕ್ಯಾಬಿನ್ನಿಗೆ ಬಂದು ಬಾಗಿಲಿಗೆ ಕುರ್ಚಿ ಒರಗಿಸಿ ಕೂತೆ. ಇದನ್ನು ಬರೆಯಲು ನಾಚಿಕೆ. ಬೇರೆಯವರಿಗೆ ಧೈರ್ಯ ಹೇಳುವುದೇ ನನ್ನ ಕೆಲಸ.

ಅವನನ್ನು ಸಿನಿಮಾದಿಂದ ತೆಗೆಯಬೇಕೆಂದು ನಿರ್ಮಾಪಕರಿಗೆ ದೂರು ಬರೆದಿಟ್ಟಿದ್ದೇನೆ. ಹಾಗೆ ಬರೆದರೆ ಅವನಿಗೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲ ಎಂದೂ ಗೊತ್ತಿದೆ. ವಿವೆಕಾ ಓದಿ, "ಉಗಿಮನೆ ದೃಶ್ಯ ಒಂದು ಮುಗೀಲಿ. ಅವತ್ತೇ ಸಂಜೆ ನಾನೂ ಸಹಿ ಹಾಕ್ತೀನಿ, ಇಬ್ಬರೂ ಸೇರಿ ಕೊಡೋಣ" ಅಂದಳು.

ಈ ಸಲ ನಾನು ತಡಮಾಡುವುದಿಲ್ಲ ಮ್ಯೂರಿಯಲ್. ಇನ್ನೊಬ್ಬ ವಾರೆನ್‌ನನ್ನು ಬಿಡುವುದಿಲ್ಲ.

ಹಲೀನಾ

ಲೆಹ್ಟೊ ಲಾಡ್ಜ್, ಕಚೇರಿಯ ಚೀಟಿ
6 ಮಾರ್ಚ್, ಬೆಳಿಗ್ಗೆ 7.10

ಹಲೀನಾಗೆ: ಕೇಪ್ ಬ್ರೆಟನ್ನಿನಿಂದ ಫ್ಲೋರಾ ಅನ್ನೋ ಹೆಂಗಸು ಫೋನ್ ಮಾಡಿದ್ದಳು. ಮ್ಯೂರಿಯಲ್ ಪಕ್ಕದಲ್ಲೇ ನಿಂತು ಹೇಳಿಸಿದ್ದು. ಹೇಳಿದ್ದು ಹೇಳಿದಂತೆ ಬರೆದಿದ್ದೇನೆ. "ಅದು ವಾರೆನ್ ತಪ್ಪಲ್ಲ. ಆ ಹುಡುಗನನ್ನೇ ಕೇಳು. ಶೂಟಿಂಗಿಗೆ ಮೊದಲು ಕೇಳು." ಎರಡು ಸಲ ಓದಿಸಿಕೊಂಡಳು.
ಟೊಯ್ವೋ

ಇನ್ವರ್ನೆಸ್
5 ಮಾರ್ಚ್ 2025

ಹಲೀನಾ,

ಇವತ್ತು ಮಧ್ಯಾಹ್ನ ನಿನ್ನ ಕಾಗದ ಬಂತು. ಓದಿ ಮುಗಿಸಿದ್ದೇ ಎದ್ದೆ. ಫ್ಲೋರಾಳನ್ನು ಎಳೆದುಕೊಂಡು ಬಂದು ನಾಲ್ಕು ಸಲ ಫೋನ್ ಮಾಡಿಸಿದೆ. ಯಾರೂ ಎತ್ತುತ್ತಿಲ್ಲ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಮಾಡಿಸುತ್ತೇನೆ. ಈ ಕಾಗದ ಹೇಗೂ ಹೊತ್ತಿಗೆ ಮುಟ್ಟುವುದಿಲ್ಲ. ಆದರೂ ಇವತ್ತೇ ಬರೆಯದಿದ್ದರೆ ನಾಳೆ ನನಗೆ ಧೈರ್ಯ ಇರುವುದಿಲ್ಲ.

ಹದಿಮೂರನೇ ತಾರೀಖಿನ ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಮೂರು ಸಲ ಕೂತೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ. "ನಿಮಗೆ ಕಂಡಿರಲಿಕ್ಕಿಲ್ಲ" ಎಂದು ನೀನು ಬರೆದಿದ್ದೆ. ನನಗೆ ಕಂಡಿತ್ತು. ಅಷ್ಟೇ ಅಲ್ಲ, ಮೊದಲೇ ಗೊತ್ತಿತ್ತು.

ಅವತ್ತು ಪರದೆ ಏಳುವುದಕ್ಕೆ ಅರ್ಧ ಗಂಟೆ ಮೊದಲು ನಮ್ಮ ನಿರ್ದೇಶಕ ವಾರೆನ್‌ನನ್ನು ನನ್ನ ಮೇಜಿನ ಹಿಂದೆ ಕರೆದುಕೊಂಡು ಬಂದ. ನಾನಿದ್ದೇನೆ ಎಂಬ ಲೆಕ್ಕವೂ ಅವನಿಗಿರಲಿಲ್ಲ. "ಹಿಡಿ, ಬಾಯಿ ಮುಚ್ಚು, ಬಟ್ಟೆ ಹರಿ. ಅವಳು ಒದ್ದಾಡಿದ್ರೂ ಬಿಡಬೇಡ. ಅವಳಿಗೆ ಹೇಳ್ಬೇಡ, ಹೇಳಿದ್ರೆ ನಟನೆ ಆಗ್ಬಿಡತ್ತೆ. ನನಗೆ ನಿಜವಾದ ಹೆದರಿಕೆ ಬೇಕು" ಅಂದ. ಅವನು ಹೋದ ಮೇಲೆ ವಾರೆನ್ ನನ್ನ ಹತ್ತಿರ ಬಂದ. ಇಪ್ಪತ್ತನಾಲ್ಕರ ಹುಡುಗ, ಮುಖ ಸುಣ್ಣದ ಹಾಗಾಗಿತ್ತು. "ಮ್ಯೂರಿಯಲ್, ಏನ್ ಮಾಡ್ಲಿ? ಅವಳಿಗೆ ಹೇಳ್ಬಿಡ್ಲಾ?" ಎಂದು ಕೇಳಿದ.

ನಾನು ಏನಂದೆ ಗೊತ್ತೇ? "ಅವರು ಹೇಳಿದ್ದು ಮಾಡು. ಜನ ಆಗ್ಲೇ ಕೂತಾಗಿದೆ" ಅಂದೆ. ಮೂವತ್ತು ವರ್ಷ ಪರದೆಯನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಿದವಳು ಎಂದು ನನಗೆ ಹೆಮ್ಮೆ ಇತ್ತು. ಅವತ್ತೂ ಹೊತ್ತಿಗೆ ಸರಿಯಾಗಿಯೇ ಎದ್ದಿತು.

ಆಟ ಮುಗಿದ ಮೇಲೆ ಅವನು ಹಿಂದಿನ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡ. ಆ ವಾರ ಮುಗಿದದ್ದೇ ನಾಟಕ ಬಿಟ್ಟ. ಈಗ ಪಿಕ್ಟೂದಲ್ಲಿ ದೋಣಿ ರಿಪೇರಿ ಮಾಡುತ್ತಾನೆ. ನೀನು ಮನೆ ಸೇರಿದೆ. ಆಮೇಲೆ ನನಗೆ ಕಾಗದ ಬರೆಯತೊಡಗಿದೆ, ನನ್ನನ್ನು ನಂಬಿದೆ. ಹೇಳಿದರೆ ನೀನು ಬರೆಯುವುದನ್ನು ನಿಲ್ಲಿಸುತ್ತೀಯ ಎಂದು ನಾನು ಹೇಳಲಿಲ್ಲ. ವರ್ಷ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು.

ನಿನ್ನ ಕಾಗದದಲ್ಲಿ ನಡುಗುವ ಕೈ ಇದೆ. ಬಾಗಿಲು ತಟ್ಟಲಾಗದೆ ನಿಂತ ಗಂಡಸು ಇದ್ದಾನೆ. ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ವಿವರ ತಿಳಿದುಕೊಂಡ ನಿರ್ದೇಶಕಿ ಇದ್ದಾಳೆ. ಇದನ್ನು ನಾನು ಮೊದಲೇ ಒಮ್ಮೆ ನೋಡಿದ್ದೇನೆ ಹಲೀನಾ. ದೇವರೇ, ನಾಳೆ ಯಾರಾದರೂ ಫೋನ್ ಎತ್ತಲಿ.

ಮ್ಯೂರಿಯಲ್

ಲೆಹ್ಟೊ ಲಾಡ್ಜ್
9 ಮಾರ್ಚ್ 2025

ಮ್ಯೂರಿಯಲ್,

ನಿಮ್ಮ ಚೀಟಿ ಸಿಕ್ಕಿತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಟೊಯ್ವೋ ಅದನ್ನು ಕೈಗಿಟ್ಟಾಗ ಏಳೂಕಾಲು. ಎಂಟೂವರೆಗೆ ಶೂಟಿಂಗ್. ವಾರೆನ್ ತಪ್ಪಲ್ಲ ಎಂಬ ಮಾತು ಓದಿ ಮೊದಲು ಸಿಟ್ಟೇ ಬಂತು. ಮುದುಕಿಗೆ ಅರಳುಮರುಳು ಎಂದುಕೊಂಡೆ, ಕ್ಷಮಿಸಿ. ಆದರೆ ಎರಡನೇ ಸಾಲು ಬಿಡಲಿಲ್ಲ. ಆ ಹುಡುಗನನ್ನೇ ಕೇಳು. ಮಿರೇಲ್‌ಳನ್ನು ದಿನಕ್ಕೆ ಹತ್ತು ಸಲ ಕೇಳಿದ್ದೆ, ಇದು ಸರಿಯೇ, ಅದು ಸರಿಯೇ ಎಂದು. ಅವನನ್ನು ಒಂದು ಸಲವೂ ಸರಿಯಾಗಿ ಕೇಳಿರಲಿಲ್ಲ. ಕಾಗದ ಮುಂದಿಟ್ಟೆ, ಸಹಿ ತೆಗೆದುಕೊಂಡೆ.

ಅವನ ಕ್ಯಾಬಿನ್ನಿಗೆ ನಡೆದೆ. ಬಾಗಿಲು ತೆರೆದವನು ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ನಾನು ಹೊಸ್ತಿಲಲ್ಲೇ ನಿಂತು ಕೇಳಿದೆ.

"ಆನ್ಸನ್, ಇವತ್ತಿನ ಸೀನಲ್ಲಿ ನಿಮಗೆ ಏನು ಬೇಡ?"

"ಎಲ್ಲಾ ಸ…" ಅಂದ. ಮಂಚದ ತುದಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟು ಎತ್ತರದ ಗಂಡಸು ಮಗುವಿನ ಹಾಗೆ ಬಿಕ್ಕಿದ.

"ಅವಳು ತಟ್ಟಿದ್ರೂ ಬಿಡಬಾರದಂತೆ" ಅಂದ. "ವಿವೆಕಾ ಹೇಳಿದಾರೆ. ಮೊದ್ಲು ಮುಖ ದಿಂಬಿಗೆ ಒತ್ಬೇಕು ಅಂತಿದ್ರು. ಹೋದ ತಿಂಗಳು ಬದಲಾಯಿಸಿದ್ರು. ಬಾಯಿ ಮುಚ್ಚಿ ಗೋಡೆಗೆ ಒತ್ಬೇಕು, ಬಟ್ಟೆ ಹರೀಬೇಕು, ಇಪ್ಪತ್ತು ಎಣಿಸೋವರೆಗೂ ಬಿಡಬಾರದು. ಎಲ್ಲೋ ಒಂದು ನಾಟಕದಲ್ಲಿ ಹೀಗೇ ಆಗಿತ್ತಂತೆ. ಆ ಹುಡುಗಿ ಕಣ್ಣು ಹೇಗಿತ್ತು ಅಂತೆಲ್ಲಾ ಹೇಳಿದ್ರು."

ಆ ಹುಡುಗಿ ನಾನು. ನನ್ನ ಬಾಯಿಂದ ಹೊರಬಿದ್ದದ್ದನ್ನೇ ಅವಳು ಅವನಿಗೆ ಪಾಠ ಮಾಡಿದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನನಗ್ಯಾಕೆ ಹೇಳ್ಲಿಲ್ಲ?"

ಅವನು ತಲೆ ಎತ್ತಿದ. ಆವತ್ತೇ ಮೊದಲು ಅವನು ನನ್ನ ಮುಖ ನೋಡಿದ್ದು. "ನಿಮಗಾ? ನೀವು ಮೊದಲ ದಿನದಿಂದ ನನ್ನನ್ನ ಕಳ್ಳನ ಥರ ನೋಡ್ತಿದೀರ. ವಿವೆಕಾ ಅಂದ್ರು, 'ಬಾಯಿ ಬಿಟ್ಟೆ ಅಂದ್ರೆ ನಾನು ಹೇಳೇ ಇಲ್ಲ ಅಂತೀನಿ. ಹಲೀನಾ ಆಗ್ಲೇ ನಿನ್ನ ಮೇಲೆ ದೂರು ಬರೆದಿಟ್ಟಿದಾರೆ. ಯಾರನ್ನ ನಂಬ್ತಾರೆ ನೋಡು' ಅಂತ. ಮಿರೇಲ್‌ಗೆ ಹೇಳೋಣ ಅಂತ ಹೋದೆ, ನೀವು ಬಂದ್ರಿ. ನಿಮಗೇ ಹೇಳೋಣ ಅಂತ ಬಂದೆ, ನೀವು ಓಡಿಹೋದ್ರಿ. ನನಗೆ ಹೆದರಿಕೆ ಇದ್ದಿದ್ದೇ ನಿಮ್ಮದು."

ಮ್ಯೂರಿಯಲ್, ಈ ಮಾತು ನನ್ನೊಳಗೆ ಹೇಗೆ ಇಳಿಯಿತು ಎಂದು ಬರೆಯಲಾರೆ. ದೃಶ್ಯ ಮುಗಿದ ಸಂಜೆ ನನ್ನ ದೂರಿಗೆ ಅವಳು ಯಾಕೆ ಸಹಿ ಹಾಕುತ್ತಿದ್ದಳು ಎಂದು ಆಗ ಅರ್ಥವಾಯಿತು. ಎಲ್ಲ ಅವನ ತಲೆಗೆ ಬರುತ್ತಿತ್ತು. ದೂರಿನಲ್ಲಿ ಇದ್ದದ್ದು ನನ್ನ ಅಕ್ಷರ.

ಅವನನ್ನು ಕರೆದುಕೊಂಡು ಮಿರೇಲ್ ಹತ್ತಿರ ಹೋದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಆನ್ಸನ್‌ಗೆ, "ನೀನು ಮಾಡ್ತಿದ್ಯಾ?" ಎಂದು ಕೇಳಿದಳು. "ಗೊತ್ತಿಲ್ಲ" ಅಂದ. "ಅದೇ ನಂಗೆ ಹೆದ್ರಿಕೆ ಆಗೋದು" ಅಂದಳು. ಆದರೂ ಎದ್ದು ಅವನ ಪಕ್ಕ ನಿಂತಳು.

ಉಗಿಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ನಾನು ಒಳಗೆ ಹೋಗಿ ಕ್ಯಾಮೆರಾದ ಮುಂದೆ ನಿಂತು, "ಈ ಸೀನ್ ಇವತ್ತು ನಡೆಯೋಲ್ಲ" ಅಂದೆ. ವಿವೆಕಾ ನಕ್ಕಳು. ಅದೇ ಮೆತ್ತನೆಯ ನಗು. ನನ್ನ ತೋಳು ಸವರಿ, "ಹಲೀನಾ, ನಿಮಗೆ ನಿದ್ದೆ ಸಾಲ್ತಿಲ್ಲ. ಹಳೇ ಕಥೆಗೂ ಇದಕ್ಕೂ ಗಂಟು ಹಾಕ್ಬೇಡಿ" ಅಂದಳು. ಒಂದು ಕ್ಷಣ ನಾನೇ ನಂಬಿಬಿಡುತ್ತಿದ್ದೆ. ಅಷ್ಟರಲ್ಲಿ ಕ್ಯಾಮೆರಾದ ಹುಡುಗಿ ಹೆಗಲಿಂದ ಕ್ಯಾಮೆರಾ ಇಳಿಸಿ ಬೆಂಚಿನ ಮೇಲಿಟ್ಟಳು. "ನಂಗೂ ಹೇಳಿದ್ರು" ಅಂದಳು. "ಹುಡುಗಿ ಏನೇ ಮಾಡಿದ್ರೂ, ಹೊರಗಿಂದ ಯಾರೇ ಕೂಗಿದ್ರೂ ನಿಲ್ಲಿಸ್ಬೇಡ ಅಂತ. ಯಾಕೆ ಅಂತ ಕೇಳೋಕೆ ನಂಗೆ ಧೈರ್ಯ ಬರ್ಲಿಲ್ಲ."

ವಿವೆಕಾಳ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. ಇಂಥ ಕಣ್ಣನ್ನು ನಾನು ಒಂದು ತಿಂಗಳು ನಂಬಿದ್ದೆ.

ಕಲಾವಿದರ ಸಂಘಕ್ಕೆ ಟೊಯ್ವೋನ ಫೋನಿನಿಂದ ಹೇಳಿದೆ. ಅವರು ಬರಲು ಎರಡು ದಿನ ಬೇಕಾಯಿತು. ಆ ಎರಡು ದಿನ ಊಟದ ಮನೆಯಲ್ಲಿ ನಾವು ಮೂವರು ಕೂತ ಮೇಜಿಗೆ ಯಾರೂ ಬರಲಿಲ್ಲ. ಶೂಟಿಂಗ್ ನಿಂತರೆ ಎಲ್ಲರ ಕೆಲಸವೂ ಹೋಗುತ್ತದೆ, ಸಿಟ್ಟು ಸಹಜ. ನನ್ನ ಹಿಂದೆ ಹೆಜ್ಜೆ ಸದ್ದಾದರೆ ತಿರುಗಿ ನೋಡುತ್ತಿದ್ದೆ. ಎರಡನೇ ದಿನ ಟೊಯ್ವೋ ತನ್ನ ತಟ್ಟೆ ಎತ್ತಿಕೊಂಡು ಬಂದು ನಮ್ಮ ಜೊತೆ ಕೂತ, ಒಂದೂ ಮಾತಾಡದೆ ಮೀನು ಸಾರು ಕುಡಿದು ಎದ್ದುಹೋದ.

ನಾಳೆ ಇಲ್ಲಿಂದ ಹೊರಡುತ್ತೇನೆ. ಉತ್ತರವನ್ನು ವಿನ್ನಿಪೆಗ್ ವಿಳಾಸಕ್ಕೆ ಬರೆಯಿರಿ. ಒಂದು ಮಾತು ಮಾತ್ರ ತಲೆ ತಿನ್ನುತ್ತಿದೆ. ಅಷ್ಟು ದೂರದಲ್ಲಿ ಕೂತ ನಿಮಗೆ ಇದೆಲ್ಲ ಹೇಗೆ ಗೊತ್ತಾಯಿತು?

ಹಲೀನಾ

ಇನ್ವರ್ನೆಸ್
2 ಏಪ್ರಿಲ್ 2025

ಹಲೀನಾ,

ಐದನೇ ತಾರೀಖಿನ ನನ್ನ ಕಾಗದ ಈಗ ಲಾಡ್ಜಿನಿಂದ ನಿನ್ನ ಮನೆಗೆ ಬಂದು ಮುಟ್ಟಿರಬೇಕು. ಮುಟ್ಟಿದೆ ಎಂದು ನಿನ್ನ ಮೌನವೇ ಹೇಳುತ್ತಿದೆ. ನಾನು ಸಮಜಾಯಿಷಿ ಬರೆಯುವುದಿಲ್ಲ. ಕಾಲುಚೀಲ ಮುಗಿದಿದೆ, ಕಳಿಸಲು ಮುಖವಿಲ್ಲ. ಫ್ಲೋರಾ ದಿನಾ ಅಂಚೆಪೆಟ್ಟಿಗೆ ನೋಡಿ ಬಂದು ತಲೆ ಅಲ್ಲಾಡಿಸುತ್ತಾಳೆ.

ಮ್ಯೂರಿಯಲ್

ವಿನ್ನಿಪೆಗ್
21 ಏಪ್ರಿಲ್ 2025

ಮ್ಯೂರಿಯಲ್,

ನಿಮ್ಮ ಕಾಗದ ಓದಿ ಐದು ವಾರವಾಯಿತು. ಮೊದಲ ವಾರ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಬೋರಲಾಗಿ ಮಲಗಿಸಿಟ್ಟಿದ್ದೆ. ಅದರ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದೆ.

ಸಿನಿಮಾ ವಿಷಯ ಮೊದಲು ಹೇಳುತ್ತೇನೆ. ಉಗಿಮನೆಯ ದೃಶ್ಯವನ್ನೇ ತೆಗೆದುಹಾಕಿದರು. ವಿವೆಕಾಳೇ ಸಿನಿಮಾ ಮುಗಿಸಿದಳು, ಸಂಘದ ವಿಚಾರಣೆ ಇನ್ನೂ ನಡೆಯುತ್ತಿದೆ. ಮಿರೇಲ್ ಉಳಿದ ಭಾಗ ಮಾಡಿಕೊಟ್ಟಳು, ಪ್ರತಿ ದಿನ ಕ್ಯಾಮೆರಾದ ಹುಡುಗಿ ಅವಳ ಜೊತೆಗಿದ್ದಳಂತೆ. ಆನ್ಸನ್ ತನ್ನ ಭಾಗ ಮುಗಿಸಿ, ಈಗ ಊರಲ್ಲಿ ಚಿಕ್ಕಪ್ಪನ ಬಾಗಿಲು ಕಿಟಕಿಯ ಕಾರ್ಖಾನೆಯಲ್ಲಿದ್ದಾನೆ. ಅವನಿದ್ದಲ್ಲಿಗೇ ಹೋಗಿ, ನಾನು ಬರೆದ ದೂರನ್ನು ಅವನ ಕೈಗೇ ಕೊಟ್ಟು, ತಪ್ಪಾಯಿತು ಅಂದೆ. ಅವನು ಓದಿ, ಮಡಿಸಿ, ವಾಪಸು ಕೊಟ್ಟ. "ಇಟ್ಕೊಳ್ಳಿ, ಮುಂದಿನ ಸಲ ಬರೆಯೋಕೆ ಮುಂಚೆ ನೋಡ್ಕೊಳ್ಳಿ" ಅಂದ. ನಾನು ಒಪ್ಪಿಕೊಂಡಿದ್ದ ಎರಡು ಕೆಲಸಗಳು ಕೈಬಿಟ್ಟುಹೋಗಿವೆ. ಯಾರೂ ಕಾರಣ ಹೇಳಿಲ್ಲ.

ವಾರೆನ್‌ಗೆ ಫೋನ್ ಮಾಡಿದೆ. ಪಿಕ್ಟೂದಲ್ಲಿ ದೋಣಿ ರಿಪೇರಿ ಮಾಡುವವರು ಇಬ್ಬರೇ, ಹುಡುಕುವುದು ಕಷ್ಟವಾಗಲಿಲ್ಲ. ಮೂರು ಸಲ ರಿಂಗಾಗುವ ಮುಂಚೆಯೇ ಇಟ್ಟುಬಿಟ್ಟೆ. ನಾಲ್ಕನೇ ಸಲ ಹೆಸರು ಹೇಳಿದೆ. ಆ ಕಡೆ ಯಾವುದೋ ಯಂತ್ರದ ಸದ್ದು ನಿಂತಿತು.

"ನೀನು ಯಾವತ್ತೋ ಒಂದಿನ ಮಾಡ್ತೀಯ ಅಂತ ಗೊತ್ತಿತ್ತು" ಅಂದ. "ಬೈಯೋದಾದ್ರೆ ಬೈಯಿ, ಕೇಳ್ತೀನಿ."

"ಬೈಯೋಕಲ್ಲ. ಮ್ಯೂರಿಯಲ್ ಹೇಳಿದ್ರು, ಆವತ್ತು ಏನಾಯ್ತು ಅಂತ."

"ನನ್ನ ಕೈ ಅದು, ಹಲೀನಾ. ಹೇಳಿದ್ದು ಅವನಾದ್ರೂ ಕೈ ನನ್ನದು" ಅಂದ. ನಾನು ಅಲ್ಲ ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ. ಇಬ್ಬರೂ ಅತ್ತೆವು. ಅವನಿಗೆ ಇಬ್ಬರು ಹೆಣ್ಣುಮಕ್ಕಳಂತೆ, ಶಾಲೆಯ ನಾಟಕಕ್ಕೆ ಸೇರಿಸಲು ಇವತ್ತಿಗೂ ಬಿಟ್ಟಿಲ್ಲವಂತೆ.

ನಿಮ್ಮನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ. ನಿಮ್ಮ ಒಂದು ಸುಳ್ಳಿನ ಮೇಲೆ ನಾನು ಇಪ್ಪತ್ತೆರಡು ವರ್ಷ ಒಬ್ಬ ಮನುಷ್ಯನನ್ನು ದ್ವೇಷಿಸಿದೆ, ಆ ದ್ವೇಷದ ಕಣ್ಣಿಂದ ಇನ್ನೊಬ್ಬನನ್ನು ನೋಡಿದೆ. ನೀವು ಅವತ್ತು ಫೋನ್ ಮಾಡಿಸದಿದ್ದರೆ ಏನಾಗುತ್ತಿತ್ತು ಎಂಬುದೂ ಗೊತ್ತಿದೆ. ಎರಡೂ ನಿಜ. ಯಾವುದು ಹೆಚ್ಚು ಎಂದು ತೂಗಲು ನನಗೆ ಆಗುತ್ತಿಲ್ಲ.

ಜೂನ್ ಎರಡನೇ ವಾರ ನಿಮ್ಮ ಮನೆಗೆ ಬರಬೇಕೆಂದಿದ್ದೇನೆ. ವಾರೆನ್ ತಾನೂ ಬರುತ್ತೇನೆ ಅಂದ. ಮೂವರೂ ಒಂದು ಮೇಜಿನ ಸುತ್ತ ಕೂತು, ಕಾಗದದಲ್ಲಿ ಬರೆದದ್ದನ್ನು ನೀವು ನಮ್ಮ ಮುಖ ನೋಡಿ ಬಾಯಿಬಿಟ್ಟು ಹೇಳಬೇಕು. ನಿಮಗೆ ಹೆದರಿಕೆಯಾಗುತ್ತದೆ. ನನಗೂ ಆಗುತ್ತಿದೆ, ಅವನ ಮುಖ ನೋಡುತ್ತಾ ಕೂರಲು ಆಗುತ್ತದೋ ಇಲ್ಲವೋ.

ಆಗದಿದ್ದರೆ ಆಗುವುದಿಲ್ಲ ಎಂದೇ ಬರೆಯಿರಿ. ನೀವು ಒಪ್ಪದೆ ನಿಮ್ಮ ಬಾಗಿಲಿಗೆ ನಾನು ಬರುವುದಿಲ್ಲ.

ಹಲೀನಾ